ಪೋಷಕರ ಸಭೆಗೆ ಹೋಗುವಾಗ ಜೇಬಿನಲ್ಲೊಂದು ಚೀಟಿ ಇರಲಿ

ಮಗ ಮೂರನೇ ಕ್ಲಾಸು ಮುಗಿಸುವವರೆಗೆ ನಾನು ಒಂದೂ ಪೋಷಕರ ಸಭೆ ತಪ್ಪಿಸಿರಲಿಲ್ಲ. ಪ್ರತಿ ಸಲ ನನ್ನದು ಒಂದೇ ಪ್ರಶ್ನೆ: 'ಹೇಗೆ ಓದ್ತಾನೆ ಮಿಸ್?' ಅವರದೂ ಒಂದೇ ಉತ್ತರ: 'ಪರವಾಗಿಲ್ಲ, ತುಂಟಾಟ ಸ್ವಲ್ಪ ಜಾಸ್ತಿ.' ಸಹಿ ಹಾಕಿ ಬರುತ್ತಿದ್ದೆ. ಅವನಿಗೆ ಕಳೆಯುವ ಲೆಕ್ಕ ಬರುವುದಿಲ್ಲ ಎಂದು ಗೊತ್ತಾಗಿದ್ದು ನಾಲ್ಕನೇ ಕ್ಲಾಸಿನಲ್ಲಿ. ಮಿಸ್ ಸುಳ್ಳೇನೂ ಹೇಳಿರಲಿಲ್ಲ. ನಾನು ಸುಮ್ನೆ ಕೇಳಿದ್ದೆ, ಅವರೂ ಸುಮ್ನೆ ಹೇಳಿದ್ದರು. ಆಮೇಲೆ ಕಲಿತ ದಾರಿ ಇದು.

ಹಿಂದಿನ ರಾತ್ರಿ ಬ್ಯಾಗು ತೆಗೆಯಿರಿ

ಅರ್ಧ ಗಂಟೆ ಸಾಕು. ದುಂಡಗಿನ ಅಕ್ಷರ, ಕೆಂಪು ರೈಟ್ ಮಾರ್ಕು ನೋಡಿ ಖುಷಿಪಡಬೇಡಿ. ಬೋರ್ಡ್ ನೋಡಿ ಬರೆದ ಪುಟ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಎರಡು ವಾರದ ಹಿಂದೆ ಮುಗಿದ ಪಾಠವೊಂದನ್ನು ಗಟ್ಟಿಯಾಗಿ ಓದಿಸಿ. ಆಮೇಲೆ ಪುಸ್ತಕ ಮುಚ್ಚಿಸಿ, 'ಇದರಲ್ಲಿ ಏನಿತ್ತು ಹೇಳು' ಅನ್ನಿ. ಓದು ಬರಹ ಬಾರದ ಅಪ್ಪ ಅಮ್ಮನಿಗೂ ಇದು ಆಗುವ ಕೆಲಸವೇ. ಎಲ್ಲಿ ತಡವರಿಸಿತು ಎಂದು ಕಿವಿಗೇ ತಿಳಿಯುತ್ತದೆ.

ಲೆಕ್ಕದ ಪುಸ್ತಕದಲ್ಲಿ ತಪ್ಪಾದ ಲೆಕ್ಕಗಳನ್ನಷ್ಟೇ ನೋಡಿ. ನನ್ನ ಮಗ 52ರಲ್ಲಿ 27 ಕಳೆದು 35 ಬರೆದಿದ್ದ. 81ರಲ್ಲಿ 46 ಹೋದರೆ 45 ಅಂತೆ. 38ರಲ್ಲಿ 15 ಕಳೆದಿದ್ದು ಮಾತ್ರ ಸರಿಯಾಗಿತ್ತು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಹೊಳೆಯಿತು: 2ರಲ್ಲಿ 7 ಹೋಗುವುದಿಲ್ಲ ಅಲ್ವಾ, ಅದಕ್ಕೆ ಅವನು ತಿರುಗಿಸಿ 7ರಲ್ಲಿ 2 ಕಳೆದಿದ್ದ. ಪಕ್ಕದ ಮನೆಯಿಂದ, ಅಂದರೆ ಹತ್ತರ ಸ್ಥಾನದಿಂದ, ಹತ್ತು ಸಾಲ ತರಬೇಕೆಂಬುದೇ ಅವನ ತಲೆಗೆ ಹೋಗಿರಲಿಲ್ಲ. ಇದಕ್ಕೆ 'ಗಮನ ಇಲ್ಲ ನಿಂಗೆ' ಎಂದು ಗದರಿದರೆ ಏನು ಬಂತು? ಕಂಡಿದ್ದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಎರಡೇ ವಿಷಯ ಸಾಕು.

ಸಭೆಯಲ್ಲಿ ಮಾರ್ಕ್ಸ್ ಕಾರ್ಡ್ ಕೊನೆಗೆ

2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಂ ಪ್ರಕಾರ ಪೋಷಕರನ್ನು ಆಗಾಗ ಕರೆದು ಮಾತಾಡುವುದು ಶಿಕ್ಷಕರ ಕರ್ತವ್ಯ. ಮಗು ತಪ್ಪದೆ ಬರುತ್ತಿದೆಯೇ, ಕಲಿಯುವ ಶಕ್ತಿ ಹೇಗಿದೆ, ಎಷ್ಟು ಕಲಿತಿದೆ ಎಂದು ತಿಳಿಸಬೇಕು. ಆ ಪಟ್ಟಿಯಲ್ಲಿ ಮಾರ್ಕ್ಸ್ ಎಂಬ ಪದವೇ ಇಲ್ಲ ನೋಡಿ. ಮೊದಲು ಹಾಜರಾತಿ ಕೇಳಿ. ಆಮೇಲೆ ಚೀಟಿ ತೆಗೆಯಿರಿ.

ನಾನು ಕೇಳಿದ್ದು ಇಷ್ಟೇ: 'ಮಿಸ್, ಇವನು ಸಾಲ ತರುವ ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದಾನೆ. ನೀವು ಹೇಗೆ ಹೇಳಿಕೊಡ್ತೀರಿ? ಮನೇಲೂ ಹಾಗೇ ಮಾಡಿಸ್ತೀನಿ.' ಅವರ ಮುಖವೇ ಬದಲಾಯಿತು. ಬೀರುವಿನಿಂದ ಕಡ್ಡಿ ತಂದರು. ಹತ್ತು ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿದ ಐದು ಕಟ್ಟು, ಬಿಡಿ ಎರಡು. 'ಇದರಲ್ಲಿ ಏಳು ಬಿಡಿ ಕಡ್ಡಿ ಕೊಡು' ಎಂದರು. ಮಗ ಸ್ವಲ್ಪ ಹೊತ್ತು ನೋಡಿ, ತಾನೇ ಒಂದು ಕಟ್ಟು ಬಿಚ್ಚಿದ.

ಎಲ್ಲರೆದುರು ಮಗುವಿನ ಮೇಲೆ ದೂರು ಹೇಳಬೇಡಿ. ಪಕ್ಕದ ಮನೆ ಹುಡುಗಿಯ ಮಾರ್ಕ್ಸ್ ಕೇಳಲೂಬೇಡಿ. ಮಗು ಹಿಂದೆ ಬಿದ್ದಿದ್ದರೆ ಹೆಚ್ಚಿಗೆ ಹೇಳಿಕೊಡುವುದು ಶಾಲೆಯದೇ ಕೆಲಸ, ಅದೂ ಅದೇ 24ನೇ ಕಲಂನಲ್ಲಿದೆ. ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ ಎಂದು 28ನೇ ಕಲಂ ಹೇಳುತ್ತದೆ. ಜಗಳಕ್ಕಲ್ಲ, ನಿಮಗೆ ಗೊತ್ತಿರಲಿ ಎಂದು ಹೇಳಿದೆ.

ನೀರು, ಶೌಚಾಲಯ, ಬಿಸಿಯೂಟದ ಮಾತು ಬೇರೆ ಕಡೆ

ಮಿಸ್ ಜೊತೆ ಸಿಗುವ ಹತ್ತು ನಿಮಿಷವನ್ನು ಇದಕ್ಕೆ ಕಳೆಯಬೇಡಿ. ಸರ್ಕಾರಿ ಶಾಲೆಗಳಲ್ಲಿ ಇದಕ್ಕೆಂದೇ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ; ಕರ್ನಾಟಕದಲ್ಲಿ 2001ರಿಂದಲೂ ಇದೆ. ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಸದಸ್ಯರಲ್ಲಿ ಅರ್ಧ ಹೆಂಗಸರು. ಹೆಸರು ಅಮ್ಮಂದು, ಕುರ್ಚಿ ಅಪ್ಪಂದು ಆಗುವುದೂ ಉಂಟು. ಅಮ್ಮಂದಿರೇ, ನೀವೇ ಹೋಗಿ ಕೂತುಕೊಳ್ಳಿ. ಕೂಲಿ ಬಿಟ್ಟು ಸಭೆಗೆ ಬರಲು ಆಗದವರಿದ್ದರೆ ಸಮಯ ಬದಲಿಸಿ ಎಂದು ಕೇಳಬೇಕಾದ್ದೂ ಅಲ್ಲೇ.

ಮನೆಗೆ ಬಂದ ಮೇಲೆ

'ಮಿಸ್ ಏನಂದ್ರು?' ಎಂದು ಮಗು ಕೇಳಿಯೇ ಕೇಳುತ್ತದೆ. ಅವರು ಮೆಚ್ಚಿದ್ದನ್ನು ಮೊದಲು ಹೇಳಿ. ಆಮೇಲೆ ದಿನಕ್ಕೆ ಐದೇ ಲೆಕ್ಕ, ಹದಿನೈದು ದಿನ. ಅದು ಮುಗಿದ ಮೇಲೆ ಮುಂದಿನ ಸಭೆಗೆ ಕಾಯದೆ, ಶಾಲೆ ಬಿಡುವ ಹೊತ್ತಿಗೆ ಹೋಗಿ ಎರಡು ನಿಮಿಷ ಮಾತಾಡಿ ಬನ್ನಿ.

ಲೆಕ್ಕಕ್ಕೆಂದು ಕಡ್ಡಿ ಕಿತ್ತು ಕಿತ್ತು, ಹದಿನೈದು ದಿನಕ್ಕೆ ನಮ್ಮನೆ ತೆಂಗಿನ ಪೊರಕೆ ಅರ್ಧಕ್ಕೆ ಬಂದಿತ್ತು. 52ರಲ್ಲಿ 27 ಕಳೆಯುವುದು ಬಂತು. 100ರಲ್ಲಿ 37 ಕೊಟ್ಟರೆ ಮಾತ್ರ ಪಕ್ಕದ ಮನೆಯಲ್ಲೂ ಸೊನ್ನೆ ನೋಡಿ ಸುಮ್ಮನೆ ಕೂರುತ್ತಿದ್ದ. ಅದನ್ನೇ ಹೊಸ ಚೀಟಿಯಲ್ಲಿ ಬರೆದುಕೊಂಡು ಹೋದೆ.