ಕಾರ್ಟ್ ಓಡಿಸೋ ಮಕ್ಕಳಿಗೆ ಮೊದಲು ಬ್ರೇಕ್ ಕಲಿಸಿ

ಗೋ-ಕಾರ್ಟ್ (ಪುಟ್ಟ ರೇಸಿಂಗ್ ಗಾಡಿ) ಓಡಿಸುವ ನಿಮ್ಮ ಮಗನೋ ಮಗಳೋ ತಿರುವಿನಲ್ಲಿ ಪದೇ ಪದೇ ಗಿರ್ರನೆ ಸುತ್ತಿ ನಿಲ್ಲುತ್ತಿದ್ದರೆ, ಹೊಸ ಟೈರ್‌ಗೆ ದುಡ್ಡು ಸುರಿಯುವ ಮೊದಲು ಬ್ರೇಕ್ ಹೇಗೆ ಒತ್ತುತ್ತಾರೆ ನೋಡಿ. ಮಕ್ಕಳ ಕಾರ್ಟ್‌ಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಇರುವುದು ಹಿಂದಿನ ಆಕ್ಸಲ್‌ಗೆ (ಹಿಂದಿನ ಎರಡೂ ಚಕ್ರಗಳನ್ನು ಜೋಡಿಸುವ ದಂಡಕ್ಕೆ) ಮಾತ್ರ. ಸ್ಟೀರಿಂಗ್ ತಿರುಗಿಸಿದ ಮೇಲೆ ಜೋರಾಗಿ ಒತ್ತಿದರೆ ಹಿಂಭಾಗ ಜಾರದೆ ಇನ್ನೇನು ಮಾಡೀತು? ಕಾರ್ಟ್ ನೇರವಾಗಿ ಹೋಗುತ್ತಿರುವಾಗಲೇ ಎಡಗಾಲಿನಲ್ಲಿ ಗಟ್ಟಿಯಾಗಿ ಒತ್ತಲಿ, ತಿರುಗಿಸುತ್ತಾ ಮೆಲ್ಲಗೆ ಬಿಡಲಿ. ಆಗ ಬಲಗಾಲು ಆಕ್ಸಿಲರೇಟರ್ ಮೇಲೆ ಇರಬಾರದು. ಎರಡೂ ಒಟ್ಟಿಗೆ ಒತ್ತುವ ಮಕ್ಕಳೂ ಇರುತ್ತಾರೆ.

ಬೈಕ್‌ನಲ್ಲಿ ಮಾಡಿದ ಹಾಗೆ ಒಳಗಡೆಗೆ ವಾಲುವುದೂ ಬೇಡ. ಕಾರ್ಟ್‌ಗೆ ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಬದಿಯ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗ) ಇಲ್ಲ ಅಲ್ವಾ, ಒಳಬದಿಯ ಹಿಂದಿನ ಚಕ್ರ ಚೂರು ಎದ್ದರೇನೇ ಕಾರ್ಟ್ ಸಲೀಸಾಗಿ ತಿರುಗುತ್ತದೆ. ಒಂದು ಸೆಷನ್ ಪೂರ್ತಿ ಬರೀ ಇದನ್ನೇ ಮಾಡಿಸಿ. ಅವತ್ತು ಲ್ಯಾಪ್ ಟೈಮ್ ಕೇಳಬೇಡಿ.