ರಸೀದಿ ಸಂಖ್ಯೆ ಮುಂದೆ, ದಿನಾಂಕ ಹಿಂದೆ

ಶಿವಮೊಗ್ಗ ಜಿಲ್ಲೆಯ ಅಡಿಕೆ ಸೀಮೆಯಲ್ಲಿರುವ ಒಂದು ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ನಾನು ಕಂಪ್ಯೂಟರ್ ಆಪರೇಟರ್. ಅಲ್ಲಿ ನಡೆದ ಅವ್ಯವಹಾರವನ್ನು ದೂರಿನ ರೂಪಕ್ಕೆ ತಂದದ್ದು ಹೇಗೆ ಎಂದು ಬೇರೆ ಸಂಘಗಳ ನೌಕರರು ಕೇಳುತ್ತಿರುತ್ತಾರೆ. ಸಂಘದ ಹೆಸರು ಹೇಳುವುದಿಲ್ಲ, ಪ್ರಕರಣ ಇನ್ನೂ ಮುಗಿದಿಲ್ಲ.

ಮೊದಲು ಕೈಚಳಕ ಏನೆಂದು ಹೇಳುತ್ತೇನೆ. ರೈತರಿಗೆ ಶೂನ್ಯ ಬಡ್ಡಿಯ ಬೆಳೆ ಸಾಲ ಸಿಗುತ್ತದೆ. ಮೂರು ಲಕ್ಷ ರೂಪಾಯಿ ಇದ್ದ ಮಿತಿಯನ್ನು ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ ಐದು ಲಕ್ಷಕ್ಕೆ ಏರಿಸಿತು. ಗಡುವಿನೊಳಗೆ ತೀರಿಸಿದವರ ಬಡ್ಡಿಯನ್ನು ಸರ್ಕಾರ ಸಹಾಯಧನವಾಗಿ ಭರಿಸುತ್ತದೆ. ಗಡುವು ದಾಟಿದರೆ ಬಡ್ಡಿ ರೈತನ ತಲೆಗೆ. ಮಳೆ ಬಿಡದೆ ಸುರಿದು ಕೊಳೆರೋಗ ತೋಟಕ್ಕೆ ನುಗ್ಗಿದ ವರ್ಷ ಗಡುವು ತಪ್ಪುವವರು ಹೆಚ್ಚು. ಅವರು ತಡವಾಗಿ ಬಂದು ಅಸಲು, ಬಡ್ಡಿ ಎರಡನ್ನೂ ನಗದಾಗಿ ಕಟ್ಟುತ್ತಿದ್ದರು. ಪ್ರಿಂಟರ್ ಕೆಟ್ಟಿದೆ ಎಂದು ಅವರಿಗೆ ಕೈಬರಹದ ಚೀಟಿ ಸಿಗುತ್ತಿತ್ತು. ಕಂಪ್ಯೂಟರಿನಲ್ಲಿ ಮಾತ್ರ ಹಿಂದಿನ ದಿನಾಂಕ ಹಾಕಿ, ಗಡುವಿನೊಳಗೇ ಅಸಲು ಜಮೆಯಾಯಿತೆಂದು ನಮೂದಾಗುತ್ತಿತ್ತು. ಸದಸ್ಯನ ಹೆಸರು ಸಹಾಯಧನದ ಪಟ್ಟಿಗೆ, ಅವನು ಕೊಟ್ಟ ಬಡ್ಡಿ ಯಾರದೋ ಜೇಬಿಗೆ. ವರ್ಷಾಂತ್ಯದ ಲೆಕ್ಕ ಮಾತ್ರ ಚೊಕ್ಕ.

ಇದು ಕಣ್ಣಿಗೆ ಬಿದ್ದದ್ದು ರಸೀದಿ ಸಂಖ್ಯೆಯಿಂದ. ತಂತ್ರಾಂಶ ಸಂಖ್ಯೆಗಳನ್ನು ಸಾಲಾಗಿ ಕೊಡುತ್ತಾ ಹೋಗುತ್ತದೆ. ಏಪ್ರಿಲ್ ತಿಂಗಳ ರಸೀದಿಗಳ ನಡುವೆ ಮಾರ್ಚ್ ದಿನಾಂಕದ ರಸೀದಿ ಬಂದರೆ ಅದು ಹಿಂದಕ್ಕೆ ಹೋಗಿ ಕುಳಿತಿದೆ ಎಂದೇ ಅರ್ಥ. ಎರಡನೆಯ ಸುಳಿವು ಇನ್ನೂ ಗಟ್ಟಿ. ಪ್ರತಿ ನಮೂದಿಗೆ ಎರಡು ದಿನಾಂಕಗಳಿರುತ್ತವೆ: ನಾವು ಬೆರಳಚ್ಚಿಸುವ ವಹಿವಾಟಿನ ದಿನಾಂಕ, ಯಂತ್ರ ತಾನೇ ಬರೆದುಕೊಳ್ಳುವ ನಮೂದಿನ ಸಮಯ. ಯಂತ್ರದ ಗಡಿಯಾರವನ್ನು ಹಿಂದಕ್ಕೆ ತಿರುಗಿಸಬಹುದು, ಆದರೆ ಪ್ರತಿ ನಮೂದನ್ನೂ ಸಾಲಾಗಿ ಬರೆದಿಡುವ ನಮ್ಮ ತಂತ್ರಾಂಶದ ಲಾಗ್‌ನ ಕ್ರಮಸಂಖ್ಯೆ ಅದರ ಜೊತೆ ಹಿಂದಕ್ಕೆ ಹೋಗುವುದಿಲ್ಲ. ಮೂರನೆಯದು ಕಾಗದ. ಅಂದಂದು ಸಹಿಯಾದ ದಿನವಹಿಯ ಹಾಳೆಯಲ್ಲಿದ್ದ ನಗದು ಶಿಲ್ಕು, ಅದೇ ದಿನದ ಹಾಳೆಯನ್ನು ಮತ್ತೆ ಮುದ್ರಿಸಿದಾಗ ಬರುವ ಶಿಲ್ಕಿಗೆ ತಾಳೆಯಾಗುತ್ತಿರಲಿಲ್ಲ. ಲೆಕ್ಕಪರಿಶೋಧನೆಗೆ ಹೋಗುತ್ತಿದ್ದುದು ಹೊಸ ಹಾಳೆ. ಹಳೆಯದು ಕಪಾಟಿನ ತಳದಲ್ಲಿ ಗೆದ್ದಲಿಗೆ ಕಾಯುತ್ತಿತ್ತು.

ನನ್ನನ್ನು ನಿಜವಾಗಿ ಹೆದರಿಸಿದ್ದು ಮತ್ತೊಂದು. ಆ ನಮೂದುಗಳಲ್ಲಿ ಹೆಚ್ಚಿನವು ನನ್ನ ಲಾಗಿನ್‌ನಲ್ಲೇ ಇದ್ದವು. ಎಲ್ಲರ ಪಾಸ್‌ವರ್ಡ್ ಕಾರ್ಯದರ್ಶಿಯವರ ಡೈರಿಯಲ್ಲಿರಬೇಕು ಎಂಬುದು ಸಂಘದ ಅಲಿಖಿತ ಕಟ್ಟಳೆ. ದೂರು ಕೊಟ್ಟವರೇ ಆರೋಪಿಯಾಗುವುದಕ್ಕೆ ಇಷ್ಟು ಸಾಕು. ಆದ್ದರಿಂದ ಪ್ರತಿ ನಮೂದಿನ ಸಮಯವನ್ನು ಹಾಜರಿ ಪುಸ್ತಕದಲ್ಲಿ ನಾನು ಕಚೇರಿ ಬಿಟ್ಟ ಸಮಯದ ಪಕ್ಕಕ್ಕೆ ಇಟ್ಟೆ. ಬಹುಪಾಲು ನಮೂದುಗಳು ನಾನು ಸಂಜೆಯ ಬಸ್ ಹತ್ತಿದ ಮೇಲಿನವು. ದೂರಿನ ಮೊದಲ ಪುಟದಲ್ಲಿ ಇದನ್ನೇ ಬರೆದೆ: ಇವು ನನ್ನ ಹೆಸರಿನಲ್ಲಿವೆ, ನಾನು ಮಾಡಿದ್ದಲ್ಲ, ಕಾರಣ ಹೀಗಿದೆ. ಬಚ್ಚಿಟ್ಟಿದ್ದರೆ ಅದೇ ಉರುಳಾಗುತ್ತಿತ್ತು.

ದತ್ತಾಂಶವನ್ನು ಪೆನ್‌ಡ್ರೈವ್‌ಗೆ ತುಂಬಿಸಿಕೋ ಎಂದವರಿದ್ದರು. ನಾನು ಒಪ್ಪಲಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಕಲಮಿನಂತೆ ಅನುಮತಿಯಿಲ್ಲದೆ ದತ್ತಾಂಶ ನಕಲು ಮಾಡುವುದೇ ತಪ್ಪು. ಜೊತೆಗೆ ಅದು ಸದಸ್ಯರ ಸಾಲದ ವಿವರ, ನನ್ನ ಸ್ವತ್ತಲ್ಲ. ತಿಂಗಳ ಕೊನೆಯ ಬ್ಯಾಕಪ್ ತೆಗೆಯುವುದು ಹೇಗೂ ನನ್ನ ಕೆಲಸ. ಆ ಕಡತಕ್ಕೆ ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಎಂಬ ಸಾಧನದಿಂದ ಎಸ್‌ಎಚ್‌ಎ-256 ಹ್ಯಾಶ್ ತೆಗೆದೆ. ಅದು 64 ಅಕ್ಷರ-ಅಂಕಿಗಳ ಸಾಲು, ಕಡತದ ಹೆಬ್ಬೆಟ್ಟಿನ ಗುರುತು ಇದ್ದಂತೆ. ಒಳಗೆ ಒಂದು ಅಂಕಿ ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ, ಆ ಸಾಲನ್ನು ನೋಡಿ ಒಳಗಿನ ವಿವರ ತಿಳಿಯಲು ಯಾರಿಗೂ ಆಗುವುದಿಲ್ಲ. ಬ್ಯಾಕಪ್ ಸಂಘದ ತಿಜೋರಿಯಲ್ಲೇ ಉಳಿಯಿತು, ಆ ಸಾಲು ಮಾತ್ರ ನನ್ನ ದೂರಿನೊಳಗೆ ಬಂತು.

ಮೂಕರ್ಜಿ ಹಾಕಿ ಸುಮ್ಮನಿರಬಹುದಿತ್ತಲ್ಲ ಎಂದು ಕೇಳುತ್ತಾರೆ. ರಸೀದಿ ಸಂಖ್ಯೆ, ಲಾಗ್ ಎಂದೆಲ್ಲ ಬರೆಯಬಲ್ಲವರು ನಮ್ಮ ಸಂಘದಲ್ಲಿ ಎಷ್ಟು ಜನ? ಸಂಜೆಯೊಳಗೆ ಪತ್ತೆಯಾಗುತ್ತಿತ್ತು, ಹೆಸರಿಲ್ಲದ ಅರ್ಜಿಗೆ ವಿಚಾರಣೆಯೂ ನಡೆಯುತ್ತಿರಲಿಲ್ಲ. ಕಾನೂನಿನ ಆಸರೆ ದೊಡ್ಡದೇನಲ್ಲ. ಅಕ್ರಮ ಬಯಲಿಗೆಳೆಯುವವರ ರಕ್ಷಣೆಯ ಕಾಯ್ದೆಗೆ 2014ರ ಮೇ ತಿಂಗಳಲ್ಲೇ ರಾಷ್ಟ್ರಪತಿಗಳ ಅಂಕಿತ ಬಿದ್ದಿದ್ದರೂ ಅದು ಜಾರಿಗೆ ಬರಲಿಲ್ಲ. ಮನೆಯಲ್ಲಿ ಮಂಜುನಾಥ್ ಷಣ್ಮುಗಂ ಅವರ ಹೆಸರನ್ನು ಅಣ್ಣ ಎತ್ತಿದ. ಕೋಲಾರದ ಚಿನ್ನದ ಗಣಿಯ ಕಡೆಯ ಹುಡುಗ, ಮೈಸೂರಿನಲ್ಲಿ ಕಂಪ್ಯೂಟರ್ ಎಂಜಿನಿಯರಿಂಗ್ ಓದಿ ಇಂಡಿಯನ್ ಆಯಿಲ್ ಸೇರಿದವರು. ಕಲಬೆರಕೆ ಮಾಡುತ್ತಿದ್ದ ಪೆಟ್ರೋಲ್ ಬಂಕಿಗೆ ಬೀಗ ಹಾಕಿಸಿದ್ದಕ್ಕೆ 2005ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಗುಂಡೇಟಿಗೆ ಬಲಿಯಾದರು. ಅಣ್ಣನಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ಹೆಸರು ಹಾಕಿಯೇ ಕೊಡುವುದು, ಒಂದೇ ದಿನ ಎರಡು ಕಡೆ ಕೊಡುವುದು ಎಂದು ಮಾತ್ರ ನಿಶ್ಚಯಿಸಿದೆ.

ಒಂದು ಪ್ರತಿ ಸಂಘದ ಅಧ್ಯಕ್ಷರಿಗೆ, ಇನ್ನೊಂದು ಶಿವಮೊಗ್ಗದಲ್ಲಿ ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಗೆ. ಎರಡಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ. ವಿಶೇಷಣಗಳಿಲ್ಲ, ಯಾರನ್ನೂ ಕಳ್ಳ ಎಂದಿಲ್ಲ. ರಸೀದಿ ಸಂಖ್ಯೆಗಳ ಪಟ್ಟಿ, ಹ್ಯಾಶ್, ಹಳೆಯ ದಿನವಹಿ ಹಾಳೆಗಳು ಯಾವ ಕಪಾಟಿನಲ್ಲಿವೆ ಎಂಬ ಮಾಹಿತಿ, ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ 64ನೇ ಕಲಮಿನಡಿ ವಿಚಾರಣೆ ನಡೆಸುವ ಕೋರಿಕೆ, ಇಷ್ಟೇ. ಆ ಕಪಾಟಿಗೆ ಮೊದಲು ಬೀಗಮುದ್ರೆ ಹಾಕಿಸಿ ಎಂದು ಬರೆದದ್ದೇ ಆಮೇಲೆ ಹೆಚ್ಚು ಕೆಲಸಕ್ಕೆ ಬಂತು.

"ನೋಡಮ್ಮಾ, ಕಂಪ್ಯೂಟರ್ ಒಂದೊಂದು ಸಲ ಹಾಗೆಲ್ಲ ತೋರಿಸುತ್ತದೆ" ಎಂದರು ಕಾರ್ಯದರ್ಶಿ. ವಿಚಾರಣಾಧಿಕಾರಿ ತಿಜೋರಿಯ ಬ್ಯಾಕಪ್ ತೆಗೆಸಿ ಎಲ್ಲರೆದುರು ಹ್ಯಾಶ್ ಮಾಡಿಸಿದಾಗ ದೂರಿನಲ್ಲಿದ್ದ ಸಾಲೇ ಬಂತು. ಸದಸ್ಯರು ಜೋಪಾನವಾಗಿಟ್ಟಿದ್ದ ಕೈಚೀಟಿಗಳು ಒಂದೊಂದಾಗಿ ಹೊರಬಂದವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ಕಂಪ್ಯೂಟರ್ ದಾಖಲೆಯನ್ನು ಸಾಕ್ಷ್ಯವಾಗಿ ಕೊಡುವಾಗ ಜೊತೆಗಿಡಬೇಕಾದ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ಬರೆಯಲು ಪ್ರತ್ಯೇಕ ಜಾಗವೇ ಇದೆ. ಮೊದಲ ಭಾಗವನ್ನು ಕಡತವನ್ನು ಹಾಜರುಪಡಿಸುವವರು, ಎರಡನೆಯದನ್ನು ತಜ್ಞರು ತುಂಬಬೇಕು.

ಕಾರ್ಯದರ್ಶಿ ಅಮಾನತಾಗಿದ್ದಾರೆ, ಹಣ ವಸೂಲಿಯ ಪ್ರಕರಣ ನಡೆಯುತ್ತಿದೆ. ನನ್ನನ್ನು ಸಾಲದ ಕೌಂಟರಿನಿಂದ ಗೊಬ್ಬರದ ಗೋದಾಮಿಗೆ ಹಾಕಿದ್ದಾರೆ. ಅದು ಆಡಳಿತಾತ್ಮಕ ಬದಲಾವಣೆಯಂತೆ. ಲಿಖಿತ ಆದೇಶ ಕೊಡಿ ಎಂದು ಅರ್ಜಿ ಹಾಕಿ, ಅದಕ್ಕೂ ಸ್ವೀಕೃತಿ ಪಡೆದಿದ್ದೇನೆ.