ಮಳೆಹನಿಯಿಂದ ಶುರು: ಬಿ.ಎಸ್ಸಿ. ಮಕ್ಕಳಿಗೆ ಕಂಪ್ಯೂಟರಿನಲ್ಲಿ ಭೌತಶಾಸ್ತ್ರ

ಚಿತ್ರದುರ್ಗದ ಬಿ.ಎಸ್ಸಿ. ಮಕ್ಕಳಿಗೆ ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುವುದು ಆಮೇಲೆ. ಮೊದಲು ಎಕ್ಸೆಲ್, ಇಲ್ಲವೇ ಲಿಬ್ರೆ ಆಫೀಸ್ ಕ್ಯಾಲ್ಕ್‌ನಂಥ ಸ್ಪ್ರೆಡ್‌ಶೀಟ್. ಅಲ್ಲಿ ಒಂದೊಂದು ಹೆಜ್ಜೆಯೂ ಒಂದೊಂದು ಸಾಲು. ತಪ್ಪು ಎಲ್ಲಿ ಹುಟ್ಟಿತು ಅಂತ ಬೆರಳಿಟ್ಟು ತೋರಿಸಬಹುದು.

ಮೊದಲ ಲೆಕ್ಕ 2 ಮಿ.ಮೀ. ವ್ಯಾಸದ ಮಳೆಹನಿ. ಗಾಳಿಯ ತಡೆ ಬಿಟ್ಟರೆ, 1 ಕಿ.ಮೀ. ಮೇಲಿಂದ ಬಿದ್ದ ಹನಿಯ ವೇಗ ಸೆಕೆಂಡಿಗೆ 140 ಮೀಟರ್. ಪಿಯುಸಿ ಸೂತ್ರ ಸಾಕು. ಅಂಥ ಮಳೆಗೆ ಯಾರೂ ತಲೆಯೊಡ್ಡಲಾರರು, ಹಾಗಾಗಿ ತಡೆ ಸೇರಿಸಬೇಕೆಂದು ಮಕ್ಕಳೇ ಹೇಳುತ್ತಾರೆ. ನಮ್ಮೂರು ಸಮುದ್ರಮಟ್ಟಕ್ಕಿಂತ 700 ಮೀಟರಿಗೂ ಮೇಲಿದೆ, ಗಾಳಿ ಕೊಂಚ ತೆಳು. ಗಾಳಿಯ ಸಾಂದ್ರತೆ ಘನಮೀಟರಿಗೆ 1.1 ಕೆ.ಜಿ., ಡ್ರ್ಯಾಗ್ ಗುಣಾಂಕ (ಆಕಾರಕ್ಕೆ ತಕ್ಕ ಗಾಳಿತಡೆಯ ಅಳತೆ) 0.5 ಹಿಡಿದರೆ ಸೂತ್ರ ಇಷ್ಟೇ (ಇವೆರಡು ಮತ್ತು ಹನಿಯ ತ್ರಿಜ್ಯದಿಂದ ಬರುವ ಸ್ಥಿರಾಂಕವೇ 0.206):

ಹೊಸ ವೇಗ = ಹಳೆ ವೇಗ + (9.8 − 0.206 × ಹಳೆ ವೇಗದ ವರ್ಗ) × ಕಾಲದ ಹೆಜ್ಜೆ

ಹೆಜ್ಜೆ 0.1 ಸೆಕೆಂಡ್. ಮೊದಲ ಮೂರು ಸಾಲನ್ನು ಕ್ಯಾಲ್ಕುಲೇಟರ್ ಹಿಡಿದು ನೋಟ್‌ಬುಕ್ಕಿನಲ್ಲೇ ಬರೆಸುತ್ತೇನೆ: 0, 0.98, 1.94. ಪರದೆಯಲ್ಲೂ ಅದೇ ಬಂದರೆ ಮಾತ್ರ ಸೂತ್ರವನ್ನು ಕೆಳಕ್ಕೆ ಎಳೆಯಬೇಕು. ಬರದಿದ್ದರೆ ಸಾಮಾನ್ಯವಾಗಿ ಸ್ಥಿರಾಂಕದ ಕೋಶಕ್ಕೆ, ಅದು ಜಾಗ ಬದಲಿಸದಂತೆ ಹಿಡಿದಿಡುವ ಡಾಲರ್ ಚಿಹ್ನೆ ಹಾಕಿರುವುದಿಲ್ಲ. ಸೂತ್ರ ಖಾಲಿ ಕೋಶ ಓದುತ್ತಿರುತ್ತದೆ. ಸುಮಾರು ಎರಡು ಸೆಕೆಂಡಿನೊಳಗೆ ವೇಗ 6.9ರ ಹತ್ತಿರ ನಿಲ್ಲುತ್ತದೆ. 9.7 ಬಂದವರು ತ್ರಿಜ್ಯದ ಜಾಗದಲ್ಲಿ ವ್ಯಾಸ ಹಾಕಿದ್ದಾರೆ ಅಂತ ನೋಡಿದೊಡನೆ ಗೊತ್ತಾಗುತ್ತದೆ.

ನನ್ನ ಪ್ರಕಾರ ಇಡೀ ಪಾಠದ ಜೀವ ಮುಂದಿನ ಹೆಜ್ಜೆಯಲ್ಲಿದೆ. ಕಾಲದ ಹೆಜ್ಜೆಯನ್ನು 1 ಸೆಕೆಂಡ್ ಮಾಡಿಸುತ್ತೇನೆ. ಸಾಲುಗಳು 0, 9.8, −0.18 ಅಂತ ಬರುತ್ತವೆ. ಹನಿ ಆಕಾಶದ ಕಡೆ ತಿರುಗಿತು! ಸೂತ್ರ ಸರಿ, ಕಂಪ್ಯೂಟರೂ ಸರಿ. 9.8ರ ವೇಗದಲ್ಲಿದ್ದ ತಡೆಯನ್ನೇ ಪೂರ್ತಿ ಒಂದು ಸೆಕೆಂಡ್ ಹಾಗೇ ಹೇರಿದ್ದೇವೆ, ನಡುವೆ ವೇಗ ಇಳಿದದ್ದನ್ನು ಲೆಕ್ಕಕ್ಕೇ ತಗೊಂಡಿಲ್ಲ. ಹೆಜ್ಜೆಯನ್ನು ಅರ್ಧ ಮಾಡಿ ಮತ್ತೆ ಓಡಿಸಿ, ಉತ್ತರ ಅಲುಗದಿದ್ದರೆ ಮಾತ್ರ ಗ್ರಾಫ್ ಎಳೆಯಿರಿ ಎಂಬ ನಿಯಮ ಆಗ ಮನಸ್ಸಿಗೆ ಇಳಿಯುತ್ತದೆ.

ಇಷ್ಟಾದ ಮೇಲೆ ಪೈಥಾನ್: ಅದೇ ಹನಿ, ಹತ್ತು ಸಾಲಿನ ಲೂಪ್. ವರ್ಗಕ್ಕೆ ಎರಡು ನಕ್ಷತ್ರ ಚಿಹ್ನೆ (**) ಬೇಕು, ಟೊಪ್ಪಿ ಚಿಹ್ನೆ (^) ನಡೆಯುವುದಿಲ್ಲ. ಮುಂದಿನದು ಸ್ಪ್ರಿಂಗಿಗೆ ಕಟ್ಟಿದ ತೂಕದ ಆಂದೋಲನ. ಅದರ ಒಟ್ಟು ಶಕ್ತಿ ಬದಲಾಗಬಾರದು. ಆದರೆ ಹಳೆ ವೇಗ, ಹಳೆ ಸ್ಥಾನ ಹಿಡಿದೇ ಮುಂದಿನದನ್ನು ಲೆಕ್ಕ ಹಾಕುವ ಇದೇ ವಿಧಾನದಲ್ಲಿ, ಕೋನೀಯ ಆವೃತ್ತಿ (ಆಂದೋಲನದ ವೇಗದ ಅಳತೆ) 1, ಹೆಜ್ಜೆ 0.1 ಇದ್ದರೆ, ಶಕ್ತಿ ಪ್ರತಿ ಹೆಜ್ಜೆಗೂ ಶೇ. 1ರಷ್ಟು ಏರಿ ನೂರು ಹೆಜ್ಜೆಗೆ 2.7 ಪಟ್ಟಾಗುತ್ತದೆ. ಮೊದಲು ವೇಗ ಬದಲಿಸಿ, ಆ ಹೊಸ ವೇಗದಿಂದಲೇ ಸ್ಥಾನ ಬದಲಿಸಿದರೆ ಏರಿಕೆ ನಿಲ್ಲುತ್ತದೆ. ಕೋಡಿನಲ್ಲಿ ಎರಡು ಸಾಲು ಅದಲುಬದಲು, ಅಷ್ಟೆ.